ಮಡಕೆಗೆ ಕಿವಿಯಿಟ್ಟವರು

ಮೊನ್ನೆ ವಿಜಯನಗರದ ನಮ್ಮ ಬೀದಿಗೆ ತಳ್ಳುಗಾಡಿಯಲ್ಲಿ ಮಡಕೆ ಬಂದಿತ್ತು. ಬೇಸಿಗೆಗಿರಲಿ ಎಂದು ಒಂದನ್ನು ಕೊಂಡು, ತೊಳೆದು, ನೀರು ತುಂಬಿದೆ. ಹೊಸ ಮಣ್ಣು ನೀರು ಕುಡಿಯುವಾಗ ಏಳುವ ಆ ವಾಸನೆ… ಜೊತೆಗೆ ಸುಯ್ಯೆನ್ನುವ ಸಣ್ಣ ಸದ್ದು. ನನಗರಿವಿಲ್ಲದೆ ಬಗ್ಗಿ ಮಡಕೆಗೆ ಕಿವಿಯಿಟ್ಟೆ. ಹಾಗೆ ಕಿವಿಯಿಡುವುದನ್ನು ನನಗೆ ಕಲಿಸಿದವರು ನಮ್ಮ ವಠಾರದ ಮೀನಿನ ಮೇಷ್ಟ್ರು.

ಅವರು ಯಾವ ಶಾಲೆಯ ಮೇಷ್ಟ್ರೂ ಅಲ್ಲ. ಮೀನುಮರಿಗಳನ್ನು ದೂರದಿಂದ ತರಿಸಿ ಕೆರೆಗಳಿಗೆ ಬಿಡುವ ಆಫೀಸೊಂದರಲ್ಲಿ ಹಂಗಾಮಿ ಕೆಲಸ. ಮೀನಿನ ಮಾತೆತ್ತಿದವರನ್ನು ಕೂರಿಸಿಕೊಂಡು ಪಾಠ ಶುರುಮಾಡುತ್ತಿದ್ದುದರಿಂದ ಆ ಹೆಸರು. ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಮದುವೆಯಾಗಿ ಚಾಮರಾಜಪುರಂನ ಆ ವಠಾರಕ್ಕೆ ಬಂದ ಹೊಸತು. ಕೊನೆಯ ಕೋಣೆಯಲ್ಲಿ ಅವರೊಬ್ಬರೇ ಇದ್ದರು. ಹೆಂಡತಿ, ಐದು ವರ್ಷದ ಮಗಳು ನಂಜನಗೂಡಿನಾಚೆ ಹಳ್ಳಿಯಲ್ಲಿ. ಕೆಲಸ ಕಾಯಂ ಆದರೆ ಇಬ್ಬರನ್ನೂ ಕರೆಸಿಕೊಳ್ಳುವುದು, ಮಗಳನ್ನು ನಾನು ಓದಿದ ಕಾನ್ವೆಂಟಿಗೇ ಸೇರಿಸುವುದು… ಇಷ್ಟೇ ಅವರ ಆಸೆ.

“ನಿಮ್ಮಂಗೇ ಇಂಗ್ಲಿಷ್ ಕಲೀಲಿ ಕಣಮ್ಮ. ನಮ್ಮ ಗೊಡ್ಡು ಮೀನಿನ ಭಾಷೆ ನನಗೇ ಸಾಕು” ಎಂದು ನಗುತ್ತಿದ್ದರು. ನಾನೇ ಸಿಸ್ಟರ್ ಹತ್ತಿರ ಹೋಗಿ ಸೇರಿಸುವ ಅರ್ಜಿಯ ಹಾಳೆ ತಂದಿಟ್ಟಿದ್ದೆ.

ಮರಿಗಳು ಬಂಗಾಳದಿಂದ ಮಡಕೆಗಳಲ್ಲಿ, ರೈಲಿನಲ್ಲಿ ಬರುತ್ತಿದ್ದವು. ತರಲು ಹೋದ ಮೇಷ್ಟ್ರು ದಾರಿಯುದ್ದಕ್ಕೂ ಮಲಗುತ್ತಿರಲಿಲ್ಲವಂತೆ. ನೀರಿಗೆ ಗಾಳಿ ಬೆರೆಯಲೆಂದು ಒಂದೊಂದೇ ಮಡಕೆಯನ್ನು ತೊಟ್ಟಿಲಿನಂತೆ ತೂಗುತ್ತ, ಕಿವಿಯಿಟ್ಟು ಕೇಳುತ್ತ ಬರುವುದು. “ಮುಟ್ಟಬಾರ್ದು ತಾಯಿ. ನಮ್ಮ ಕೈ ಬಿಸಿಗೇ ಅವಕ್ಕೆ ಜ್ವರ ಬಂದ್ಬುಡ್ತದೆ. ಕಿವೀಲಿ ಕೇಳ್ಬೇಕು, ಮೂಗಲ್ಲಿ ನೋಡ್ಬೇಕು” ಎನ್ನುತ್ತಿದ್ದರು. ಮರಿ ಸುಖವಾಗಿದ್ದರೆ ಎಲೆಯ ಮೇಲೆ ತುಂತುರು ಬಿದ್ದಂಥ ಸದ್ದು. ಹೊರಗಿನಿಂದ ಉಗುರಲ್ಲಿ ತಟ್ಟಿದರೆ ಎಲ್ಲವೂ ಒಟ್ಟಿಗೆ ತಳಕ್ಕಿಳಿಯಬೇಕು. ನೀರಿಗೆ ಹುಳಿವಾಸನೆ ಬಂತೋ, ಕೆಟ್ಟಿತು.

ಆ ಸಲದ ಎಂಟು ಮಡಕೆ ಜೀವಂತ ತಲುಪಿದರೆ ಕೆಲಸ ಕಾಯಂ ಎಂದು ಆಫೀಸಿನ ಸಾಹೇಬರು ಮಾತು ಕೊಟ್ಟಿದ್ದರು. ಎಂಟೂ ಚೆನ್ನಾಗಿಯೇ ಬಂದವು. ಬೋಗಾದಿ ಕಡೆಯ ಕೆರೆಗೆ ಒಯ್ಯುವ ಲಾರಿ ಮಾತ್ರ ಸ್ಟೇಷನ್ನಿಗೆ ಬರಲಿಲ್ಲ. ಬಿಸಿಲೇರುತ್ತಿತ್ತು. ಎರಡು ಜಟಕಾ ಮಾಡಿಕೊಂಡು ಮಡಕೆಗಳನ್ನು ವಠಾರದ ನೆರಳಿಗೆ ತಂದರು.

“ಏನ್ರೀ ಮೇಷ್ಟ್ರೇ, ಇವತ್ತು ಮೀನು ತಂದು ಜಗುಲಿ ಮೇಲಿಟ್ರಿ, ನಾಳೆ ಮೊಸಳೆ ತರ್ತೀರೋ?” ಮನೆ ಮಾಲೀಕರ ಹೆಂಡತಿ ಕಿಟಕಿಯಿಂದಲೇ ಗದರಿದರು.

“ಮೊಸಳೆ ಇಡೋವಂಥ ಮಡಕೆ ಸಿಕ್ಕಲ್ವಲ್ಲಮ್ಮ” ಎಂದು, ಅವರು ನನ್ನ ಕಡೆ ತಿರುಗಿದರು. “ಲಾರಿ ಹುಡುಕ್ಕೊಂಡು ಬಂದ್ಬುಡ್ತೀನಿ ತಾಯಿ. ಆಗಾಗ ಒಂಚೂರು ತೂಗ್ತಿರಿ. ಕೈ ಮಾತ್ರ ಹಾಕ್ಬೇಡಿ. ಮೂರು ದಿನ ಉಪವಾಸ ಇಟ್ಟೇ ರೈಲು ಹತ್ತಿಸಿದ್ದು, ಜೀವ ಸೂಕ್ಷ್ಮವಾಗವೆ.”

ಉಪವಾಸ… ಆ ಮಾತೊಂದೇ ನನ್ನ ಮನಸ್ಸಿನಲ್ಲಿ ಉಳಿಯಿತು.

ತೂಗಿದೆ. ಕಿವಿಯಿಟ್ಟೆ. ಒಂದು ಗಂಟೆ ಕಳೆದರೂ ಅವರು ಬರಲಿಲ್ಲ. ಬಗ್ಗಿ ನೋಡಿದರೆ ಮರಿಗಳೆಲ್ಲ ಮೇಲೆ ಬಂದು ಪುಟ್ಟ ಬಾಯಿ ತೆರೆದು ಮುಚ್ಚುತ್ತಿದ್ದವು. ಹಾಲಿಗೆ ಬಾಯಿಬಿಡುವ ಕೂಸುಗಳಂತೆ ಕಂಡವು. ಶ್ರೀರಂಗಪಟ್ಟಣದ ಹೊಳೆಯಲ್ಲಿ ಅಮ್ಮ ನನ್ನ ಕೈಯಿಂದಲೇ ಮೀನಿಗೆ ಕಡಲೆಪುರಿ ಹಾಕಿಸುತ್ತಿದ್ದಳು, ಪುಣ್ಯ ಬರುತ್ತದೆಂದು. ಒಳಗೆ ಹೋಗಿ ಡಬ್ಬಿ ತಂದೆ. ಪುರಿಯನ್ನು ಅಂಗೈಯಲ್ಲಿ ಪುಡಿಮಾಡಿ ಒಂದೊಂದು ಮಡಕೆಗೂ ಒಂದೊಂದು ಹಿಡಿ ಉದುರಿಸಿದೆ. ಕೈಯನ್ನು ನೀರಿಗೆ ತಾಗಿಸಲಿಲ್ಲ. ಅಷ್ಟು ಜಾಗರೂಕತೆ ನನ್ನದು.

ಲಾರಿಯೂ ಸಾಹೇಬರೂ ಮೇಷ್ಟ್ರೂ ಬಂದದ್ದು ಮಧ್ಯಾಹ್ನ ಎರಡರ ಮೇಲೆ. ಅಷ್ಟರಲ್ಲಿ ತುಂತುರಿನ ಸದ್ದು ನಿಂತಿತ್ತು. ಮೇಷ್ಟ್ರು ಮೊದಲ ಮಡಕೆಯ ಮೇಲೆ ಮುಖ ತಂದವರು ಹಾಗೇ ನಿಂತರು. ಮೂಗಿಗೇ ಎಲ್ಲ ತಿಳಿಯಿತೇನೋ. ಉಗುರಲ್ಲಿ ತಟ್ಟಿದರು. ಒಂದೂ ಇಳಿಯಲಿಲ್ಲ. ಎರಡನೆಯದು, ಮೂರನೆಯದು… ಎಂಟರಲ್ಲೂ ಮರಿಗಳು ಬೆಳ್ಳಗೆ ತೇಲುತ್ತಿದ್ದವು.

ನಾಲ್ಕನೆಯ ಮಡಕೆಯ ಕತ್ತಿಗೆ ಪುಡಿಯಾಗದೆ ಉಳಿದು, ನೆನೆದು ಊದಿದ ಒಂದು ಪುರಿ ಅಂಟಿಕೊಂಡಿತ್ತು. ನನಗೆ ಕಂಡಿತು. ಅವರಿಗೂ ಕಂಡಿತು. ಲಾರಿ ಇಳಿದು ಬರುತ್ತಿದ್ದ ಸಾಹೇಬರು ಹತ್ತಿರವಾಗುವಷ್ಟರಲ್ಲಿ ಮೇಷ್ಟ್ರು ಅದನ್ನು ಬೆರಳಲ್ಲಿ ತೆಗೆದು ಜೇಬಿಗೆ ಹಾಕಿಕೊಂಡರು.

“ಯಾರಾದ್ರೂ ಏನಾದ್ರೂ ತಿನ್ನೋಕೆ ಹಾಕಿದ್ರೇನ್ರೀ?” ಸಾಹೇಬರು ಕೇಳಿದರು. “ಹೊಟ್ಟೆ ತುಂಬಿದ ಮರಿ ಮಡಕೇಲಿ ಬದುಕುತ್ತಾ? ನೀರು ಹೊಲಸಾಗಿ, ಉಸಿರಿಗೆ ಗಾಳಿ ಸಾಲದೆ ಬಾಯಿ ಬಿಟ್ಟು ಸಾಯ್ತವೆ.”

ಅಂದರೆ ಆ ಪುಟ್ಟ ಬಾಯಿಗಳು ಕೇಳಿದ್ದು ಗಾಳಿಯನ್ನು.

“ಇಲ್ಲ ಸಾರ್” ಎಂದರು ಅವರು. “ಬಿಸಿಲು ಸಾರ್. ನಾನೇ ಬುಟ್ಟು ಹೋಗಿದ್ದು ತಪ್ಪು.”

ನನ್ನ ಅತ್ತೆ ಬಾಗಿಲಲ್ಲೇ ನಿಂತಿದ್ದರು. ವಠಾರದವರೆಲ್ಲ ಸೇರಿದ್ದರು. ನಾನು ಸೆರಗಿನ ಅಂಚು ಸುತ್ತುತ್ತ ನಿಂತೆ. ಸುಳ್ಳು ಹೇಳಬಾರದೆಂದು ಸಿಸ್ಟರುಗಳು ಹೇಳಿಕೊಟ್ಟಿದ್ದರು. ನಾನು ಸುಳ್ಳು ಹೇಳಲೂ ಇಲ್ಲ. ಏನನ್ನೂ ಹೇಳಲಿಲ್ಲ.

ತಿಂಗಳೊಳಗೆ ಅವರನ್ನು ಕೆಲಸದಿಂದ ಬಿಡಿಸಿದರು. ಹೊರಡುವ ಬೆಳಿಗ್ಗೆ ನಮ್ಮ ಬಾಗಿಲಿಗೆ ಬಂದರು. ಈಗ ಹೇಳಿಬಿಡಬೇಕು ಎಂದು ಬಾಯಿ ತೆರೆದೆ. ಅವರೇ ಮುಂಚೆ, “ಬಿಸಿಲು ಕಣಮ್ಮ, ಆ ವರ್ಷ ಬಿಸಿಲು ಜಾಸ್ತಿ” ಎಂದರು. ಹೋದ ವರ್ಷದ ಮಾತೋ ಎಂಬಂತೆ. ಕೈಮುಗಿದು ಹೊರಟುಹೋದರು.

ಕೈ ಹಾಕಬೇಡಿ ಎಂದರೇ ಹೊರತು ಪುರಿ ಹಾಕಬೇಡಿ ಎನ್ನಲಿಲ್ಲವಲ್ಲ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಅದರಿಂದ ಏನೂ ಆಗಲಿಲ್ಲ. ಅವರು ಎಲ್ಲಿ ಹೋದರೋ, ಇದ್ದಾರೋ ಇಲ್ಲವೋ…

ಮೊನ್ನೆ ಆ ಹೊಸ ಮಡಕೆಯ ಸದ್ದು ನಿಂತ ಮೇಲೆ ಎದ್ದು ಹಳೆಯ ಟ್ರಂಕು ತೆಗೆದೆ. ಕಾನ್ವೆಂಟಿನ ಆ ಹಾಳೆ ಸೀರೆಗಳ ಅಡಿಯಲ್ಲಿ ಹಾಗೆಯೇ ಇದೆ, ಮಡಚಿದಲ್ಲಿ ಹರಿದಿದೆ. ತಂದೆಯ ಉದ್ಯೋಗ, ವಿಳಾಸ, ವಯಸ್ಸು, ಎಲ್ಲವನ್ನೂ ನನ್ನ ದುಂಡು ಅಕ್ಷರದಲ್ಲಿ ತುಂಬಿದ್ದೇನೆ. ಮಗುವಿನ ಹೆಸರಿನ ಜಾಗ ಖಾಲಿ. ಕೆಲಸ ಕಾಯಂ ಆದ ದಿನ ಕೇಳಿ ಬರೆದರಾಯಿತು ಎಂದುಕೊಂಡಿದ್ದೆ.