ಸೂರ್ಯ ಮುಳುಗುವ ಕಡೆ ನಿಂತ ಚಾಚಾ

ಇವತ್ತು ಬೆಳಿಗ್ಗೆ ನಳ ಬಂದಾಗ ಎರಡು ಹಂಡೆ ನೀರು ತುಂಬಿದೆ. ಹಾಲು ಕಾಸಿದೆ. ಮಾಳಿಗೆಯ ಮೇಲೆ ಒಣಹಾಕಿದ್ದ ತೊಗರಿಯನ್ನು ಮಗುಚಿ ಬಂದೆ. ಮಗನ ಅಂಗಿಗೆ ಗುಂಡಿ ಹಚ್ಚಿದೆ. ಆಮೇಲೆ ಒಂದು ಹಂಡೆಯ ನೀರನ್ನು ಕಾಯಿಸಿ ಹಿಂದಿನ ಓಣಿಗೆ, ನನ್ನ ತವರಿನ ಮಗ್ಗುಲಿನ ಚಾಚಾನ ಮನೆಗೆ ಕಳಿಸಿದೆ. ಅದು ಅವರ ಮೈಯನ್ನು ಕೊನೆಯ ಸಲ ತೊಳೆಯಲಿಕ್ಕೆ. ಆಮೇಲೆ ಮತ್ತೆ ತೊಗರಿ ಹಸನು ಮಾಡುತ್ತ ಕೂತೆ. ಕೈ ತನ್ನ ಕೆಲಸ ತಾನು ಮಾಡುತ್ತಿತ್ತು. ಎದೆಯೊಳಗೆ ಮಾತ್ರ ಯಾರೋ ಬಾಗಿಲು ದಬ್ಬನೆ ಹಾಕಿದ ಹಾಗೆ.

ಮೈ ತೊಳೆದವರು ಹೇಳಿದರು: ಎಷ್ಟು ತಿಕ್ಕಿದರೂ ಅವರ ಉಗುರ ಸಂದಿಯ ಕಪ್ಪು ಹೋಗಲಿಲ್ಲವಂತೆ. ಹ್ಯಾಗೆ ಹೋದೀತು? ಅದು ಕೋಟೆಯ ಮಣ್ಣು. ನವಸಾಗರ ಬೆರೆಸಿ ಕುದಿಸಿ, ಬಿದರಿ ಪಾತ್ರೆಗೆ ಬಣ್ಣ ಏರಿಸುವ ಮಣ್ಣು. ಹುಟ್ಟಾ ಅದೇ ಕೆಲಸದ ಮನೆತನ. ನನಗೆ ಅವರು ರಕ್ತದ ಚಿಕ್ಕಪ್ಪನಲ್ಲ. ನಮ್ಮದು ಲಿಂಗದ ಮನೆ, ಅವರದು ಮುಸಲ್ಮಾನರ ಮನೆ, ನಡುವೆ ಮೊಳಕಾಲೆತ್ತರದ ಒಂದು ಗೋಡೆ. ಆ ಗೋಡೆ ದಾಟಿ ನಾನು ಹೋಗುತ್ತಿದ್ದೆ, ಅವ್ವನ ಉಪ್ಪಿನಕಾಯಿ ಹೋಗುತ್ತಿತ್ತು, ಅವರ ಕೋಳಿ ಕಾಳು ಹೆಕ್ಕಲು ಬರುತ್ತಿತ್ತು.

ಚಾಚಾ ವಿಲಾಯತಿಗೆ ಹೋದದ್ದು ಬೀದರ ಇನ್ನೂ ಹೈದರಾಬಾದಿನ ಕೆಳಗಿದ್ದಾಗ. ಅಲ್ಲಿ ಯಾವುದೋ ದೊಡ್ಡ ಶಹರದ ತಮಾಷೆಯ ತೋಟದಲ್ಲಿ ದೇಶದೇಶದ ಕೈಗಾರಿಕೆಯ ಅಂಗಡಿ ಹಾಕುವವರಿದ್ದರು. ಬಿದರಿ ಕೆಲಸ ಮಾಡಿ ತೋರಿಸಲಿಕ್ಕೆ ಒಬ್ಬ ಉಸ್ತಾದ ಬೇಕು ಎಂದು ಇವರನ್ನು ಆರಿಸಿದ್ದರು. ಅಲ್ಲಿಯ ತನಕ ಚಾಚಾ ಕಂಡ ದೂರದೂರು ಎಂದರೆ ಮಗಳನ್ನು ಕೊಟ್ಟ ಔರಾದ, ನಮ್ಮ ಅವ್ವನ ತವರು ಭಾಲ್ಕಿ, ಇಷ್ಟೇ.

ಅವರು ಹೊರಟ ದಿನ ನನಗೆ ವಿಷಮಜ್ವರ. ಮೈಮೇಲೆ ಪ್ರಜ್ಞೆಯಿರಲಿಲ್ಲವಂತೆ. ಡಾಕ್ಟರು ಕೈ ತೊಳೆದುಕೊಂಡು ಹೋಗಿದ್ದರು. ಟ್ರಂಕು ಹೊತ್ತ ಟಾಂಗಾ ಓಣಿಯ ಬಾಯಲ್ಲಿ ನಿಂತಿತ್ತು. ಅವ್ವ ಸೆರಗು ತಲೆಮೇಲೆ ಎಳೆದುಕೊಂಡು ಗೋಡೆಯ ಹತ್ತಿರ ಹೋದಳು.

"ಮುಸಾಫಿರ ಮಾಡಿದ ದುವಾ ತಡಾ ಇಲ್ದೆ ಮುಟ್ತದ ಅಂತಾರಲ್ರೀ. ನಮ್ಮ ಕೂಸಿಗಿ ಒಂದು ಮಾತು ಕೇಳ್ರಿ."

"ಒಂದು ಯಾಕ ಅಕ್ಕಾ? ಪ್ರತಿ ನಮಾಜಿಗೂ ಕೇಳ್ತೀನಿ. ಅಲ್ಲಿ ನನಗ ಬ್ಯಾರೆ ಏನು ಕೆಲಸ ಅದ?"

ಒಳಗೆ ಬಂದು ನನ್ನ ಹಣೆ ಮುಟ್ಟಿ ಹೋದರಂತೆ. ನನಗೆ ನೆನಪಿಲ್ಲ.

ಆ ತೋಟದ ಸುದ್ದಿಯನ್ನು ಆಮೇಲೆ ಎಷ್ಟೋ ವರ್ಷ ಅವರ ಬಾಯಿಂದ ಕೇಳಿದ್ದೇನೆ. ಹೇಳುವಾಗೆಲ್ಲ ಅವರ ಕಣ್ಣು ಅದೇ ಗಾಬರಿಯಲ್ಲಿ ಅಗಲವಾಗುತ್ತಿದ್ದವು. ಮೊದಲ ದಿನ ಕೆಲಸಕ್ಕೆ ಕೂತಿದ್ದಾರೆ, ತಲೆಯ ಮೇಲೆ ಧಡಧಡ ಸಪ್ಪಳ, ನೂರಾರು ಹೆಂಗಸರು ಗಂಡಸರು ಒಮ್ಮೆಲೇ ಚೀರಿದರು. ರೈಲು ಬಿತ್ತು ಎಂದು ಚಾಚಾ ಉಳಿ ಬಿಸಾಕಿ ಓಡಿದರು. ನೋಡಿದರೆ, ಮುಗಿಲಲ್ಲಿ ಹಳಿ, ಹಳಿಯ ಮೇಲೆ ಬಂಡಿ, ಬಂಡಿಯೊಳಗಿಂದ ಇಳಿದವರು ನಗುತ್ತಿದ್ದಾರೆ.

"ರೊಕ್ಕ ಕೊಟ್ಟು ಚೀರ್ತಾರ ಅಕ್ಕಾ! ಜೀವಂತ ತೆಳಗ ಬಂದವ ಸುಮ್ನ ಮನಿಗಿ ಹೋಗಬೇಕೋ ಬ್ಯಾಡೋ? ಮತ್ತ ಟಿಕೀಟು ತಗೋತಾನ!"

"ಆ ದೊಡ್ಡ ಗಾಲಿ ಹೇಳ್ರಿ," ಎಂದು ನಾನು.

"ಚಾರ್ ಮಿನಾರಕ್ಕಿಂತ ಎತ್ತರ. ಗಾಲಿಗಿ ಡಬ್ಬಿ ಕಟ್ಯಾರ. ಡಬ್ಬಿಯೊಳಗ ಮಂದಿ ಕುಂತು ಮ್ಯಾಲ ಹೋಗ್ತಾರ."

"ಅಷ್ಟು ಮ್ಯಾಲ ಹೋಗಿ ಏನು ಮಾಡ್ತಾರ್ರೀ?" ಎಂದು ಅವ್ವ.

"ತೆಳಗ ಬರ್ತಾರ."

"ಬಂದು?"

"ಮತ್ತ ಪಾಳಿ ಹಚ್ತಾರ."

ಅವ್ವ ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದಳು. "ನಮ್ಮ ಮಂದಿ ಬಾವಿಗಿ ಕೊಡಪಾನ ಬಿಡ್ತಾರ, ಅದಕ ನೀರರೆ ಬರ್ತದ."

ಭೂತದ ಮನೆಯೊಂದಿತ್ತಂತೆ. ಅಲ್ಲಿ ಹೆಣ ಎದ್ದು ಕೂರುತ್ತದೆ, ಜನ ಮಕ್ಕಳನ್ನು ಎತ್ತಿಕೊಂಡು ಹೋಗಿ ತೋರಿಸುತ್ತಾರೆ. ಚಾಚಾ ಆ ಕಡೆ ನಡೆಯುವಾಗ ಕಿವಿ ಮುಟ್ಟಿಕೊಂಡು ತೌಬಾ ಹೇಳಿ ದಾಟುತ್ತಿದ್ದರು. ಊಟದ್ದೇ ಕಷ್ಟ. ಅಲ್ಲಿಯ ಮಾಂಸ ಹಲಾಲೋ ಅಲ್ಲವೋ ಯಾರನ್ನು ಕೇಳುವುದು? ಬೇಯಿಸಿದ ಆಲೂಗಡ್ಡೆ, ತತ್ತಿ, ಇಲ್ಲಿಂದ ಅವ್ವ ಕಟ್ಟಿಕೊಟ್ಟ ಜೋಳದ ಖಡಕ್ ರೊಟ್ಟಿ ಮತ್ತು ಶೇಂಗಾಹಿಂಡಿ. ಒಂದು ದಿನ ಒಬ್ಬ ಮೇಮ್‌ಸಾಹೇಬರು ಬಿದರಿ ತಾಟನ್ನು ಅಲ್ಲೇ ಬಿಟ್ಟು, ಪಕ್ಕದಲ್ಲಿದ್ದ ರೊಟ್ಟಿಯನ್ನು ಎತ್ತಿ ಬೆರಳಿಂದ ಬಾರಿಸಿ, ಇದಕ್ಕೆಷ್ಟು ಎಂದು ಕೇಳಿದರಂತೆ. "ಅಕ್ಕಾ, ನಿಮ್ಮ ರೊಟ್ಟಿ ನನ್ನ ಕೆಲಸಕ್ಕಿಂತ ಚಲೋ ಅಂತ ತಿಳಿಲಿಕ್ಕಿ ನಾನು ವಿಲಾಯತಿಗಿ ಹೋಗಬೇಕಾಯ್ತು."

ಇಷ್ಟರ ತನಕ ನಗುತ್ತ ಹೇಳುತ್ತಿದ್ದರು. ಮುಂದಿನದಕ್ಕೆ ದನಿ ಇಳಿಯುತ್ತಿತ್ತು.

ಬೀದರಿನ ಮಸೀದಿಗಳೆಲ್ಲ ಪಡುವಣಕ್ಕೆ ಮುಖ ಮಾಡಿವೆ. ಸೂರ್ಯ ಮುಳುಗುವ ಕಡೆ ಮಕ್ಕಾ ಎಂಬುದು ಚಾಚಾನಿಗೆ ಕೆಳಗೆ ನೆಲ, ಮೇಲೆ ಆಕಾಶ ಎಂಬಷ್ಟೇ ಖಚಿತ. ಹಡಗಿನಲ್ಲಿ ಕೆಲಸದ ಮುಸಲ್ಮಾನ ಖಲಾಸಿಗಳು ನಮಾಜಿಗೆ ನಿಂತ ಹಾಗೆ ಅವರ ಹಿಂದೆ ನಿಂತರು. ಇಳಿದ ಮೇಲೆ ಒಬ್ಬರೇ. ಅಲ್ಲಿಯೂ ಸೂರ್ಯ ಮುಳುಗುತ್ತಿದ್ದ, ಆ ಕಡೆ ತಿರುಗಿ ನಿಂತರು. ವಾರಗಟ್ಟಲೆ ಮೋಡ ಮುಚ್ಚಿದಾಗ ದಿಕ್ಕು ತಪ್ಪಬಾರದೆಂದು, ಅಷ್ಟು ಹೆದರುತ್ತಿದ್ದ ಆ ಗಾಲಿಯನ್ನೂ ಹತ್ತಿದರು. ಗಾಲಿ ತಿರುಗಿಸುವವನು ಪುಕ್ಕಟೆ ಕೂರಿಸಿದನಂತೆ. ತುದಿಗೆ ಹೋದಾಗ ಮೋಡದ ಕೆಳಗೆ ಒಂದು ಕೆಂಪು ಗೆರೆ ಕಂಡಿತು. ಇಳಿದು ಆ ದಿಕ್ಕಿಗೆ ನೆಲದ ಮೇಲೆ ಇದ್ದಿಲಿನಿಂದ ಗೀಟು ಎಳೆದಿಟ್ಟುಕೊಂಡರು. ಆ ಗೀಟಿನ ಮೇಲೆ ನಿಂತು ಐದು ಹೊತ್ತೂ ನನ್ನ ಜ್ವರ ಇಳಿಯಲಿ ಎಂದು ಕೇಳಿದರು.

ತೋಟದಲ್ಲಿ ಮಕ್ಕಳನ್ನು ಒಂಟೆಯ ಮೇಲೆ ಕೂರಿಸಿ ತಿರುಗಿಸಲಿಕ್ಕೆ ಮಿಸರ್ ದೇಶದವನೊಬ್ಬ, ಈಜಿಪ್ತಿನವ, ಹೊಸದಾಗಿ ಬಂದ. ಒಂದು ಮಧ್ಯಾಹ್ನ ಡೇರೆಯ ಹಿಂದೆ ಚಾಚಾ ಟವೆಲು ಹಾಸಿ ನಿಂತಿದ್ದಾರೆ. ಅವನೂ ಬಂದು ತನ್ನ ಚಾಪೆ ಹಾಸಿದ. ಇವರು ಬಾಗಿದರು, ಅವನೂ ಬಾಗಿದ. ಹಣೆ ನೆಲಕ್ಕೆ ಹಚ್ಚಿ ತಲೆಯೆತ್ತಿದರೆ ಎದುರಿಗೆ ಅವನ ಮುಖ! ಇಬ್ಬರ ಟೊಪ್ಪಿಗೆಯೂ ಡಿಕ್ಕಿ ಹೊಡೆಯುವಷ್ಟು ಹತ್ತಿರ.

"ಇವ ಹುಚ್ಚ ಅಂದ್ಕೊಂಡೆ ನಾ. ಅವ ನನ್ನ ಹುಚ್ಚ ಅಂದ್ಕೊಂಡ."

ಮಾತು ಇವರದು ಅವನಿಗೆ ಬಾರದು. ಅವನು ಇವರ ಭುಜ ಹಿಡಿದು ಪೂರಾ ಹಿಂದಕ್ಕೆ ತಿರುಗಿಸಿದ. ಆಮೇಲೆ ಕೂತು ಒಂಟೆಯ ಕೋಲಿನಿಂದ ಮಣ್ಣಿನಲ್ಲಿ ಬರೆದ. ನಡುವೆ ಒಂದು ಚೌಕ, ಅದು ಮಕ್ಕಾ. ಚೌಕದ ಒಂದು ಮಗ್ಗುಲಿಗೆ ಹಿಂದ್, ಇನ್ನೊಂದು ಮಗ್ಗುಲಿಗೆ ಅವರಿಬ್ಬರು ಕೂತಿದ್ದ ಈ ಶಹರ. ಚಾಚಾ ಆ ಚೌಕವನ್ನೇ ನೋಡಿದರು. ಹಡಗಿನಲ್ಲಿ ತಾವು ಅದನ್ನು ದಾಟಿ ಬಂದದ್ದು ಆಗ ತಿಳಿಯಿತು. ಅಷ್ಟು ದಿನ ಅವರು ಮಕ್ಕಾಕ್ಕೆ ಬೆನ್ನು ಕೊಟ್ಟು ನಿಂತಿದ್ದರು.

"ಅಲ್ಲೇ ಕುಂತೆ ಬೇಟಾ. ಮ್ಯಾಲ ಮಂದಿ ಚೀರ್ಲತ್ತಿತ್ತು. ನನಗ ಒಂದೇ ವಿಚಾರ. ಕೂಸಿನ ದುವಾ ಎಲ್ಲಾ ಸಮುದ್ರಕ್ಕ ಹೋಯ್ತು."

ಮನೆಯಿಂದ ಬಂದ ಕಾಗದಗಳಲ್ಲಿ ಎಲ್ಲ ಖೈರಿಯತ್, ಕ್ಷೇಮ ಎಂದಿತ್ತು, ನನ್ನ ಮಾತೇ ಇರಲಿಲ್ಲ. ನೀರು ದಾಟಿ ಹೋದವರಿಗೆ ಕೆಟ್ಟ ಸುದ್ದಿ ಬರೆಯಬಾರದು ಎಂಬುದು ನಮ್ಮ ಕಡೆಯ ರೂಢಿ. ಚಾಚಾ ಅದನ್ನು ಬಲ್ಲವರು. ಕೂಸು ಹೋಗಿದೆ, ಅದಕ್ಕೇ ಬರೆದಿಲ್ಲ ಎಂದು ತಿಳಿದರು. ನಿಜ ಸಂಗತಿ ಬೇರೆ. ನಾನು ಎದ್ದು ಕೂತಿದ್ದೆ, ಗಂಜಿ ಕುಡಿಯುತ್ತಿದ್ದೆ. "ಹುಷಾರಾದ್ಳು ಅಂತ ಡಂಗುರ ಹೊಡೀಬ್ಯಾಡ್ರಿ, ದೃಷ್ಟಿ ತಾಕ್ತದ" ಎಂದು ಅವ್ವನೇ ಚಾಚಿಯನ್ನು ತಡೆದಿದ್ದಳು.

ತೋಟದ ಹಂಗಾಮು ಮುಗಿದು ಚಾಚಾ ತಿರುಗಿ ಬರುವಷ್ಟರಲ್ಲಿ ನಾವು ಮೈಸೂರು ರಾಜ್ಯದವರಾಗಿದ್ದೆವು. ಅಪ್ಪ ತಹಸೀಲು ಕಚೇರಿಯಲ್ಲಿ ಗುಮಾಸ್ತ. ಅವತ್ತು ಕಚೇರಿಯಿಂದ ಬರುವಾಗ ಊರ ನಡುವಿನ ಚೌಬಾರಾ ಗೋಪುರದ ಕಟ್ಟೆಯ ಮೇಲೆ ಟ್ರಂಕಿನ ಮಗ್ಗುಲಿಗೆ ಯಾರೋ ಕೂತಿದ್ದಾರೆ. ನೋಡಿದರೆ ಚಾಚಾ. ಮುಂಜಾನೆಯ ಗಾಡಿಗೆ ಬಂದವರು, ಸಂಜೆಯಾದರೂ ಮನೆಗೆ ಹೋಗಿರಲಿಲ್ಲ.

"ಇಲ್ಲ್ಯಾಕ ಕುಂತೀರಿ?"

"ಹಿಂಗೇ. ಈ ಹೊಸ ಬೋರ್ಡು ನೋಡ್ಲತ್ತೀನಿ. ಏನು ಬರದಾರ?"

"ಮೈಸೂರು ರಾಜ್ಯ ಅಂತ. ಕನ್ನಡದಾಗ ಅದ."

"ಮೈಸೂರು ಎಲ್ಲಿ ಬರ್ತದ?"

"ನನಗೂ ಗೊತ್ತಿಲ್ಲ. ಭಾಲ್ಕಿ ನಮ್ಮ ಕೂಡೇ ಅದ, ನಿಮ್ಮ ಔರಾದನೂ ಅದ. ಉದಗೀರ ಮುಂಬಯಿ ಕಡಿ ಹೋಯ್ತು. ನಡೀರಿ ಮನಿಗಿ."

"ಹೋಗೋಣಂತ. ಕಚೇರಿದಾಗ ಇನ್ನ ಉರ್ದು ನಡೀತದೋ ಇಲ್ಲೋ?"

ಕೇಳಬೇಕಾದ್ದು ಒಂದೇ, ಅದನ್ನು ಬಿಟ್ಟು ಉಳಿದದ್ದೆಲ್ಲ ಕೇಳಿದರು ಎಂದು ಅಪ್ಪ ಹೇಳುತ್ತಿದ್ದ. ಕೊನೆಗೆ ಅಪ್ಪನೇ ಬೇಸತ್ತು, "ಏಳ್ರೀ ಮಾರಾಯರೇ, ಅಕಿ ನಿಮ್ಮ ದಾರಿ ಕಾಯ್ಲತ್ತಾಳ" ಎಂದ.

"ಯಾರು? ನಮ್ಮಕಿ?"

"ನಿಮ್ಮಕಿನೂ ಕಾಯ್ಲತ್ತಾಳ, ನಮ್ಮ ಮಗಳೂ ಕಾಯ್ಲತ್ತಾಳ. ವಿಲಾಯತಿ ಬೊಂಬಿ ತರ್ತಾರ ಅಂತ ತಲಿ ತಿಂದಾಳ."

ಆಗ ಚಾಚಾ ಎದ್ದರಂತೆ. ಅಪ್ಪ ಟ್ರಂಕು ಹೊತ್ತ.

ಇಲ್ಲಿಂದ ನನಗೆ ನೆನಪಿದೆ. ಜ್ವರದಲ್ಲಿ ಬೋಳಿಸಿದ ತಲೆಯ ಮೇಲೆ ಬೆರಳುದ್ದ ಕೂದಲು, ನಾನು ಹೊಸ್ತಿಲ ಮೇಲೆ ಕೂತಿದ್ದೆ. ಚಾಚಾ ಬಂದು ನಿಂತರು. ನಗಲಿಲ್ಲ, ಎತ್ತಿಕೊಳ್ಳಲಿಲ್ಲ. ಭೂತದ ಮನೆಯ ಮುಂದೆ ನಿಂತವರ ಹಾಗೆ ನೋಡಿದರು. ಆಮೇಲೆ ಆ ಕಪ್ಪು ಉಗುರಿನ ಕೈ ನನ್ನ ತಲೆಯ ಮೇಲೆ ಬಂತು.

"ಇದು ಹ್ಯಾಂಗಾಯ್ತು?" ಎಂದರು ಅವ್ವನಿಗೆ. ದನಿಯಲ್ಲಿ ಸಿಟ್ಟಿದ್ದ ಹಾಗಿತ್ತು.

ಕತೆಯೆಲ್ಲ ಕೇಳಿದ ಮೇಲೆ ಅವ್ವ ಹೇಳಿದಳು, "ನಾವು ಲಿಂಗಾ ಅಂಗೈದಾಗ ಇಟ್ಕೊಂಡು ಕೂಡೋರು. ಯಾವ ಕಡಿ ಕುಂತರೂ ಅದು ಎದುರಿಗೇ ಇರ್ತದ. ದಿಕ್ಕಿನ ಚಿಂತಿ ಬಿಡ್ರಿ."

"ಅದು ನಿಮ್ಮದು ಅಕ್ಕಾ. ನಮಗ ದಿಕ್ಕಂದ್ರ ದಿಕ್ಕೇ. ಕೂಸು ಬದುಕಿದ್ದು ಅವನ ಮೆಹರಬಾನಿ. ತಪ್ಪಿದ್ದು ನಾನು. ಎರಡೂ ಕೂಡಿಸಬ್ಯಾಡ್ರಿ."

ಮೌಲವಿಗಳು, ತಿಳಿಯದೆ ಆದದ್ದು, ಅಲ್ಲಾಹ ಕ್ಷಮಿಸುತ್ತಾನೆ ಎಂದರು. ಚಾಚಾ ಒಪ್ಪಲಿಲ್ಲ. ಅಲ್ಲಿ ತಿರುವುಮುರುವಾಗಿ ಮಾಡಿದ ನಮಾಜುಗಳನ್ನೆಲ್ಲ ಇಲ್ಲಿ ಮತ್ತೆ ಮಾಡಲು ಹಿಡಿದರು. ದಿನಾ ಮಧ್ಯಾಹ್ನದ ನಮಾಜಿನ ಬೆನ್ನಿಗೆ ಅವು. ನಾನು ಸಾಲಿಯಿಂದ ಬಂದು ಅವರ ಕಾರಖಾನೆಯ ಬಾಗಿಲಲ್ಲಿ ಪೇರಲಹಣ್ಣು ತಿನ್ನುತ್ತ ಕಾಯುತ್ತಿದ್ದೆ. ಕೊನೆಗೆ ಎರಡೂ ಕೈ ಎತ್ತಿ ನನ್ನ ಹೆಸರು ಹಿಡಿದು ಏನೋ ಕೇಳುತ್ತಿದ್ದರು.

"ಏನು ಕೇಳ್ತೀರಿ ಚಾಚಾ?"

"ನಿನ್ನ ಜ್ವರ ಇಳೀಲಿ ಅಂತ."

"ನನಗ ಜ್ವರ ಎಲ್ಲಿ ಅದ?"

"ಈಗಿನದಲ್ಲ ಬೇಟಾ. ಹಿಂದಿಂದು. ಹೇಳಿದ್ದು ಹೇಳಿದಂಗ ಮುಟ್ಟಿಸಬೇಕಲ್ಲ?"

ಮುಂದಿನ ಮಳೆಗಾಲದ ತನಕ ನಡೆಯಿತು ಅದು. ಗುಣವಾದ ನನ್ನನ್ನು ಎದುರಿಗೆ ಕೂರಿಸಿಕೊಂಡು, ನಾನು ಗುಣವಾಗಲಿ ಎಂದು ಕೇಳಿದ ಮನುಷ್ಯ. ಆಗ ನಗು ಬರುತ್ತಿತ್ತು. ಮೂರು ಮಕ್ಕಳ ಜ್ವರಕ್ಕೆ ತಲೆದಿಂಬಿನ ಹತ್ತಿರ ಕೂತು ಎದ್ದ ಮೇಲೆ ನಗು ನಿಂತಿತು. ಯಾರ ಬೇಡಿಕೆ ಎಲ್ಲಿಗೆ ಮುಟ್ಟಿ ನಾನು ಉಳಿದೆನೋ ನನಗೆ ಇಂದಿಗೂ ತಿಳಿಯದು.

ಈಚೆಗೆ ಭಟ್ಟಿಯ ಹೊಗೆ ಅವರ ಎದೆಯೊಳಗೆ ಕೂತುಬಿಟ್ಟಿತ್ತು. ಹೋದ ತಿಂಗಳಿಡೀ ದಮ್ಮು. ಮಲಗಲಾರದೆ ಗೋಡೆಗೆ ಒರಗಿ ಕೂತೇ ಇರುತ್ತಿದ್ದರು. ನಾಳೆ ಹೋಗಿ ನೋಡೋಣ ಎನ್ನುವಷ್ಟರಲ್ಲಿ ಇವತ್ತು ಬೆಳಕು ಹರಿಯುವ ಮುಂಚೆ ಆಗಿಹೋಯಿತು. ಮಧ್ಯಾಹ್ನದ ನಮಾಜಾದ ಮೇಲೆ ಗಂಡಸರು ಮಣ್ಣು ಕೊಟ್ಟು ಬಂದರು.

ಸಂಜೆ ಜಳಕ ಮಾಡಿ ಪೂಜೆಗೆ ಕೂತೆ. ಲಿಂಗ ಅಂಗೈಯಲ್ಲಿತ್ತು. ಹೋದವರಿಗಾಗಿ ಏನು ಕೇಳಬೇಕೋ ತಿಳಿಯಲಿಲ್ಲ. ಚಾಚಾನ ದಮ್ಮು ಕಡಿಮೆಯಾಗಲಿ, ಒಂದಿಷ್ಟು ಕಾಲು ಚಾಚಿ ಮಲಗುವಂತಾಗಲಿ ಎಂದು ಕೇಳಿದೆ.

ಅವರ ಮನೆಯಲ್ಲಿ ಒಲೆ ಹಚ್ಚುವಂತಿರಲಿಲ್ಲ. ಹೆಸರುಬೇಳೆ ಖಿಚಡಿ, ಹುಣಸೆಹುಳಿಯ ಸಾರು ಮಾಡಿಕೊಂಡು ಹೋದೆ. ಔರಾದಿನಿಂದ ಬಂದ ಮಗಳು ಉಂಡಳು, ನಾನೂ ಅವಳ ಜೊತೆ ಎರಡು ತುತ್ತು ಉಂಡೆ. ಚಾಚಿ ಬರೀ ಸಾರು ಕುಡಿದರು. ಕುಡಿದು, ತಿಂಗಳಿಂದ ರಾತ್ರಿಯಿಡೀ ಚಾಚಾನ ಬೆನ್ನು ನೀವುತ್ತ ಎಚ್ಚರಿದ್ದವರು, ಬಟ್ಟಲು ಕೈಯಲ್ಲಿರುವಾಗಲೇ ಎಲ್ಲರಿಗಿಂತ ಮೊದಲು ನಿದ್ದೆ ಹೋದರು.