ಪನ್ನೇರಳೆ ತಿಂದ ಕಡ್ಡಿಹುಳುಗಳು

ಬಿಡೋರ್ ಪೇಟೆಯ ಹಿಂಬದಿಯ ತಗಡಿನ ಮನೆಯಲ್ಲಿ ಚೀನೀ ಹೆಂಗಸು ಲಾಯ್ ಸಿಯೂಮೋಯ್ ಒಬ್ಬಳೇ ಇದ್ದಳು. ಮದುವೆಯಾಗಿರಲಿಲ್ಲ. ಜಾಲರಿ ಗೂಡುಗಳಲ್ಲಿ ಒಣಕಡ್ಡಿಯಂತೆಯೇ ಕಾಣುವ ಕಡ್ಡಿಹುಳು ಸಾಕಿ, ಸೀಬೆಯೆಲೆ ಮೇಯಿಸಿ, ಅವುಗಳ ಹಿಕ್ಕೆ ಒಣಗಿಸಿ ಕಷಾಯಕ್ಕೆ ಮಾರುವುದು ಅವಳ ಕಸುಬು. ಕೆಮ್ಮು, ಹೊಟ್ಟೆಯುಬ್ಬರ ಎಂದು ಬಂದವರು ಪೊಟ್ಟಣ ಕಟ್ಟಿಸಿಕೊಂಡು ನಡೆದುಬಿಡುತ್ತಿದ್ದರು. ಕುಳಿತು ಮಾತಾಡುವ ಪುರುಸೊತ್ತು ಯಾರಿಗೂ ಇರಲಿಲ್ಲ.

ಸುಗಂತಿಗೆ ಇತ್ತು. ರಸಾಯನಶಾಸ್ತ್ರ ಓದುತ್ತಿದ್ದ ಆ ತಮಿಳು ಹುಡುಗಿ, ಹುಳು ತಿನ್ನುವ ಎಲೆಯಲ್ಲಿ ಏನಿದೆ, ಹಿಕ್ಕೆಯಲ್ಲಿ ಏನು ಉಳಿಯುತ್ತದೆ ಎಂದು ಹೋಲಿಸಿ ನೋಡುತ್ತಿದ್ದಳು. ಶನಿವಾರ ಬಂದು ಎಲೆ ಬೇರೆ, ಹಿಕ್ಕೆ ಬೇರೆ ಚೀಲಕ್ಕೆ ತುಂಬಿಕೊಂಡು, ಗಂಜಿ ಉಂಡು, ಸಂಜೆಯ ಬಸ್ಸು ಹಿಡಿಯುತ್ತಿದ್ದಳು.

"ಇದೇನು ಅಂತ ಕುಡಿಯೋರಿಗೆ ಹೇಳ್ತೀರಾ ಆಂಟಿ?"

"ಕುಡಿದಾದ್ಮೇಲೆ ಹೇಳ್ತೀನಿ."

ಒಂದು ಶನಿವಾರ ಫಲಿತಾಂಶ ತಂದಳು. "ಎಲೆಯ ಒಗರು ಹಿಕ್ಕೇಲಿ ಅರ್ಧವೂ ಇಲ್ಲ. ಎಲೇಲಿ ಇಲ್ದೇ ಇರೋದು ಏನೋ ಹೊಸದಾಗಿ ಸೇರಿದೆ. ಹುಳದ ಹೊಟ್ಟೇಲೇ ಆಗಿರ್ಬೇಕು."

"ಅದು ಒಳ್ಳೇದೋ, ಕೆಟ್ಟದ್ದೋ?"

"ಅದನ್ನ ಬೇರೆಯವರು ನೋಡ್ಬೇಕು. ನನ್ನ ಕೆಲಸ ಮುಗೀತು ಆಂಟಿ."

ಆಮೇಲೆ ಅವಳು ಬರಲಿಲ್ಲ. ಸಿಯೂಮೋಯ್ ಮಾತ್ರ ಶನಿವಾರಗಳಂದು ಗಂಜಿಗೆ ಹೆಚ್ಚು ಅಕ್ಕಿ ಹಾಕಿಬಿಡುತ್ತಿದ್ದಳು. ಕೊನೆಗೆ ಅವಳಿಗೊಂದು ಉಪಾಯ ಹೊಳೆಯಿತು: ಎಲೆ ಬದಲಾದರೆ ಪರೀಕ್ಷೆಯೂ ಹೊಸದಾಗಿ ಆಗಬೇಕಲ್ಲ. ಸೀಬೆ ತೆಗೆದು ಪನ್ನೇರಳೆ ಸೊಪ್ಪು ಹಾಕಿದಳು. ಹುಳುಗಳು ಮೂಸಿಯೂ ನೋಡದೆ ಜಾಲರಿಗೆ ಜೋತುಬಿದ್ದವು. ಎಷ್ಟೋ ಉದುರಿ ಸತ್ತವು. ಉಳಿದವು ಹಸಿವು ತಾಳದೆ ಎಲೆಯಂಚು ಕಡಿದವು. ಒಂದು ಹಿಡಿ ಹಿಕ್ಕೆ ಕೂಡಿದಾಗ ಫೋನ್ ಮಾಡಿದಳು.

"ಬೇರೆ ಎಲೆ ಹಾಕ್ದೆ ಕಣೆ. ಹಿಕ್ಕೆ ಕೆಂಪಗೆ ಬಂದಿದೆ. ನೋಡ್ಬೇಕಲ್ವಾ?"

ಆಚೆ ಯಂತ್ರಗಳ ಸದ್ದು. "ನಾನೀಗ ಪೆನಾಂಗಲ್ಲಿದ್ದೀನಿ ಆಂಟಿ, ಸಾಬೂನು ಫ್ಯಾಕ್ಟರೀಲಿ. ಬೇರೆ ಎಲೆ ಹಾಕಿದ್ರೆ ಹುಳ ಸಾಯಲ್ವಾ?"

"ಸತ್ವು."

"ಮತ್ತೆ ಯಾಕೆ ಹಾಕಿದ್ರಿ?"

"ನೀನು ಬರ್ತೀಯೇನೋ ಅಂತ."

"ಸೂಪರ್‌ವೈಸರ್ ಕರೀತಿದ್ದಾರೆ. ಆಮೇಲೆ ಮಾಡ್ತೀನಿ."

ಆಮೇಲೆ ಮಾಡಲಿಲ್ಲ. ಸಿಯೂಮೋಯ್‌ಗೆ ಕದ್ದು ಸಿಕ್ಕಿಬಿದ್ದಷ್ಟು ನಾಚಿಕೆಯಾಯಿತು. ಸತ್ತ ಹುಳುಗಳನ್ನು ಗುಡಿಸಿ ಹಿತ್ತಲಲ್ಲಿ ಹೂತಳು. ಎಳೆಯ ಸೀಬೆಕೊಂಬೆ ಕಡಿದು ತಂದು ಗೂಡು ತುಂಬಿದಳು. ಅಳಿದುಳಿದವು ಮುಗಿಬಿದ್ದು ತಿನ್ನುತ್ತಿದ್ದರೆ ಪಕ್ಕದಲ್ಲೇ ಕುಳಿತು, "ತಿನ್ನಿ, ಇನ್ಮೇಲೆ ಹಾಗ್ ಮಾಡಲ್ಲ" ಎಂದಳು. ಕೆಂಪು ಹಿಕ್ಕೆ ಮಾರುವಂಥದ್ದಲ್ಲ. ತಾನೇ ಕುದಿಸಿ ಕುಡಿದಳು. ತುಸು ಹುಳಿಯಿತ್ತು, ಅಷ್ಟೆ. ಹೇಗಿದೆ ಎಂದು ಕೇಳುವವರು ಯಾರೂ ಇರಲಿಲ್ಲ.