ಘಾಟು ಬರದ ಮೆಣಸಿನಕಾಯಿ

ಸತ್ತವರು ಏನೂ ಮಾಡಲಾರರು ಎಂದು ನಂಬಿದ್ದವನು ನಾನು. ಈಗಲೂ ಹೆಚ್ಚುಕಡಿಮೆ ಹಾಗೆಯೇ ನಂಬುತ್ತೇನೆ. ಮುಂದಿನ ಸಂಗತಿಯನ್ನು ಹಲವರಿಗೆ ಹೇಳಿದ್ದೇನೆ. ಹೇಳಿದಷ್ಟೂ ಅದು ನಯವಾಗುತ್ತ ಬಂದಿದೆ. ಆದ್ದರಿಂದ ನಯವಾಗದೆ ಉಳಿದದ್ದನ್ನಷ್ಟೇ ಬರೆಯುತ್ತೇನೆ. ಎರಡು ಸಾವಿರದ ನಾಲ್ಕೋ ಐದೋ ಇಸವಿ. ಬೇಸಿಗೆ.

ಬ್ಯಾಡಗಿಯ ನನ್ನ ಸೋದರತ್ತೆಯ ಅಜ್ಜಿಗೆ ಅಪ್ಪನಾದವನು ಒಬ್ಬ ಅಮೇರಿಕದವನು. ಅಲ್ಲಿಯ ಹತ್ತಿ ಬೆಳೆಯುವುದನ್ನು ನಮ್ಮವರಿಗೆ ಕಲಿಸಲು ಬಂದವನು, ಬಂಗಲೆಯಲ್ಲಿ ಕೆಲಸಕ್ಕಿದ್ದ ಹೆಣ್ಣನ್ನು ಬಸುರಿ ಮಾಡಿ ಹೊರಗೆ ಹಾಕಿದ. ಅವನು ಕೊಟ್ಟದ್ದು ಬೆಕ್ಕಿನ ಕಣ್ಣು ಮಾತ್ರ. ಆ ಕಣ್ಣಿಗಾಗಿ ಅತ್ತೆಗೆ ಗೊತ್ತಾಗಿದ್ದ ಎರಡು ಸಂಬಂಧ ಮುರಿದವು. ಅವಳ ಒಡಹುಟ್ಟಿದ ನನ್ನ ಅಪ್ಪನಿಗೂ ಅದೇ ಕಣ್ಣು. ನನಗೆ ಬರಲಿಲ್ಲ. ಆದರೆ ಸಿಟ್ಟು ಬಂತು.

ಅವನ ಮನೆತನ ಹುಡುಕುತ್ತ ಎರಡು ವರ್ಷ ಹಾವೇರಿಯ ಕಚೇರಿಗಳನ್ನು ಅಲೆದೆ. ಹೆಂಡತಿ ಮಕ್ಕಳ ಸುಳಿವಿಲ್ಲ. ಕೊನೆಗೆ ಒಂದು ಹಳೆಯ ಕಾಗದದಲ್ಲಿ ರಾಣೆಬೆನ್ನೂರು ತಾಲೂಕಿನ ಹೊಲವೊಂದರಲ್ಲಿ ‘ಅಮೇರಿಕದವನ ಗೋರಿ’ ಎಂದಿತ್ತು. ಅದು ಅವನದೇ ಎನ್ನಲು ಬೇರೆ ಸಾಕ್ಷಿಯಿಲ್ಲ. ನಮಗೆ ಅಷ್ಟೇ ಸಾಕಾಯಿತು.

“ದೆವ್ವ ಬಿಡಸಾಕ ಹಾಕತಾರಲ್ಲ, ಆ ಮೆಣಸಿನಕಾಯಿ ಹೊಗಿ ಹಾಕಿ ಬಾ. ಸತ್ತ ಮ್ಯಾಲರ ಉಸರುಗಟ್ಟಲಿ ಆ ಭಾಡ್ಯಾಗ,” ಎಂದಳು ಅತ್ತೆ.

ಮಾವ ನಕ್ಕರು. “ಊರ ತುಂಬ ಮೆಣಸಿನಕಾಯಿ ಐತಿ, ಒಯ್ಯಪಾ.”

“ಬ್ಯಾಡಗಿ ಕಾಯಿ ಬಣ್ಣಕ್ಕಷ್ಟ. ಅವಗ ಗುಂಟೂರ ಕಾಯೀನ ಬೇಕು,” ಎಂದು ಅತ್ತೆ ಚೀಲ ತುಂಬಿಕೊಟ್ಟಳು.

ಮರುದಿನ ಮಧ್ಯಾಹ್ನ ಮೂರರ ಸುಮಾರಿಗೆ ಆ ಹೊಲದಲ್ಲಿದ್ದೆ. ಅಕ್ಷರ ಅಳಿಸಿದ ಕಲ್ಲು. ಹೊಲದ ಮುದುಕ ಅದರ ಮೇಲೆ ಕುಡಗೋಲು ಮಸೆಯುತ್ತಿದ್ದ. “ಅಮೇರಿಕದಾಂವಂತರಿ. ಕುಡಗೋಲಿಗೆ ಭಾಳ ಚಲೋ ಕಲ್ಲು,” ಎಂದ. ಕಲ್ಲಿನ ಬುಡದಲ್ಲಿ ಕೆಂಡ ಮಾಡಿ, ಬೈಯುತ್ತ, ಚೀಲವನ್ನೆಲ್ಲ ಸುರಿದೆ. ಏನು ಬೈದೆನೆಂದು ಬರೆಯಲಾರೆ. ಕಾಯಿ ಕರಿದಾದವು. ದಟ್ಟ ಹೊಗೆ ಎದ್ದು ನೇರ ನಮ್ಮ ಮುಖಕ್ಕೇ ಬಂತು. ಘಾಟಿಲ್ಲ. ನನಗೆ ಕೆಮ್ಮಿಲ್ಲ, ಕಣ್ಣಲ್ಲಿ ನೀರಿಲ್ಲ. ಮುದುಕ ಮೂಗೆಳೆದು ನೋಡಿದ. “ಯಾವ ಅಂಗಡ್ಯಾಗ ತಂದ್ರಿ? ಮೋಸ ಮಾಡ್ಯಾನ ತೊಗೋರಿ.”

ಸಂಜೆ ಬ್ಯಾಡಗಿಗೆ ಮರಳಿದಾಗ ಅತ್ತೆ ಹಾಸಿಗೆಯಲ್ಲಿದ್ದಳು. ಅವಳ ಮಗಳು, ಮೊಮ್ಮಗಳು ಬಾತ ಕಣ್ಣು ಒರೆಸಿಕೊಳ್ಳುತ್ತ ಪಕ್ಕದಲ್ಲಿ ಕುಳಿತಿದ್ದರು. ಮೂರು ಗಂಟೆಗೆ ಮೂವರಿಗೂ ಒಮ್ಮೆಲೇ ಉಸಿರು ಕಟ್ಟಿತ್ತಂತೆ. ಮೆಣಸಿನಕಾಯಿ ಸುಟ್ಟ ಘಾಟು. ಒಲೆ ಹೊತ್ತಿರಲಿಲ್ಲ. ಅದೇ ಕೋಣೆಯಲ್ಲಿದ್ದ ಮಾವ ಮಾತ್ರ, “ನಾ ಇಲ್ಲೇ ಪೇಪರ್ ಓದಾಕತ್ತಿದ್ದೆ. ನನಗೇನೂ ವಾಸನಿ ಬರಲಿಲ್ಲಪಾ,” ಎಂದರು.

ಅತ್ತೆ ದಿಂಬಿಗೊರಗಿ ಎದ್ದು ಕುಳಿತಳು. “ಅವನ ರಕ್ತಕ್ಕಷ್ಟ ಹತ್ತೇತಿ,” ಎಂದಳು. ಆಮೇಲೆ, “ನೀ ಹೊಗ್ಯಾಗ ನಿಂತಿದ್ಯಲ್ಲ? ನಿನಗ ಕೆಮ್ಮು?”

“ಬರಲಿಲ್ಲ,” ಎಂದೆ.

ಅವಳು ಸೆರಗು ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದಳು. ಅಲ್ಲಿಂದ ಮುಂದೆ ಆ ಅಮೇರಿಕದವನ ಮಾತೇ ಎತ್ತಲಿಲ್ಲ.

ಬ್ಯಾಡಗಿಯ ಗಾಳಿಯಲ್ಲಿ ಯಾವಾಗಲೂ ಘಾಟಿರುತ್ತದೆ. ಕಾಯಿ ಹಳೆಯವೂ ಇರಬಹುದು. ಹೀಗೆಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಅಪ್ಪ ಆಗಲೇ ತೀರಿಕೊಂಡಿದ್ದ. ಅವ್ವ ಇನ್ನೂ ಇದ್ದಾಳೆ. ನಾನು ಅವಳನ್ನು ಏನೂ ಕೇಳಿಲ್ಲ.